ಅಜ್ಜಿ ಮನೆಗೊಂದು ಕಾರ್ಡ್‌ಲೆಸ್ ಫೋನು

ಕೈಯಲ್ಲಿ ಫೈವ್‌ಜಿ ಮೊಬೈಲ್ ಇಟ್ಕೊಂಡು ಕಾರ್ಡ್‌ಲೆಸ್ ಫೋನಿನ ಬಗ್ಗೆ ಬರೀತಿದ್ದೀರಲ್ಲ ಅಂತ ನೀವು ನಗಬಹುದು. ಮೊದಲು ನಾವೂ ನಕ್ಕಿದ್ವಿ. ಆಮೇಲೆ ನಮ್ಮ ತಂಡದ ಗೆಳೆಯನೊಬ್ಬನ ಅಜ್ಜಿ ಮನೆಗೆ, ಬಸವೇಶ್ವರನಗರಕ್ಕೆ ಹೋದ್ವಿ.

30×40 ಸೈಟಿನ ಹಳೇ ಮನೆ. ಲ್ಯಾಂಡ್‌ಲೈನ್ ಇರೋದು ಕೆಳಗಡೆ ಹಾಲಿನಲ್ಲಿ, ಅಜ್ಜಿ ಇರೋದು ಮೇಲಿನ ರೂಮಿನಲ್ಲಿ. ಫೋನ್ ರಿಂಗಾದರೆ ಮೊಣಕಾಲು ಹಿಡ್ಕೊಂಡು ಹದಿನೇಳು ಮೆಟ್ಟಿಲು ಇಳೀಬೇಕು. ಇಳಿಯೋಷ್ಟರಲ್ಲಿ ಕಟ್ಟಾಗಿರುತ್ತೆ. ಹೋದ ವರ್ಷ ಹಾಗೇ ಅವಸರದಲ್ಲಿ ಇಳಿಯೋಕೆ ಹೋಗಿ ಜಾರಿ ಮಣಿಕಟ್ಟು ಮುರ್ಕೊಂಡಿದ್ರು. ಮೊಬೈಲು ಕೊಡಿಸಿದ್ದಾರೆ, ಅದು ಬೀರುವಿನಲ್ಲಿ ಚಾರ್ಜಿಲ್ಲದೆ ಮಲಗಿದೆ. "ಟಚ್ಚು ನನ್ನ ಬೆರಳಿನ ಮಾತು ಕೇಳಲ್ಲ. ಈ ನಂಬರು ನಿಮ್ಮ ತಾತ ಇದ್ದಾಗಿಂದ ಇದೆ, ಊರಿನವರಿಗೆಲ್ಲ ಬಾಯಿಪಾಠ. ಅದನ್ನ ಮಾತ್ರ ತೆಗೀಬೇಡ್ರಪ್ಪ" ಅಂದ್ರು.

ಸರಿ, ಅಜ್ಜಿ ಫೋನಿನ ಹತ್ತಿರ ಹೋಗೋ ಬದಲು ಫೋನೇ ಅಜ್ಜಿ ಹತ್ತಿರ ಬರಲಿ ಅಂತ ತೀರ್ಮಾನವಾಯ್ತು. ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ವಿ, ಎರಡು ಭಾನುವಾರ ಹಿಡೀತು. ನಿಮಗೆ ಅಷ್ಟು ಹೊತ್ತು ಹಿಡಿಯದಿರಲಿ ಅಂತ ಈ ಬರಹ.

ಒಳಗೆ ನಡೆಯೋದೇನು?

ಕಾರ್ಡ್‌ಲೆಸ್ ಅಂದ್ರೆ ಎರಡು ಭಾಗ. ಟೆಲಿಫೋನ್ ಲೈನಿಗೂ ಕರೆಂಟಿಗೂ ಅಂಟಿಕೊಂಡಿರೋದು ಬೇಸ್, ಕೈಯಲ್ಲಿ ಹಿಡಿದು ಓಡಾಡೋದು ಹ್ಯಾಂಡ್‌ಸೆಟ್. ಇವೆರಡರ ನಡುವೆ ಪುಟ್ಟದೊಂದು ರೇಡಿಯೋ ಲಿಂಕ್. ಅಂದ್ರೆ ನಿಮ್ಮ ಮನೆಯೊಳಗೇ ಒಂದು ಖಾಸಗಿ ಮೊಬೈಲ್ ಟವರ್ ಇದ್ದ ಹಾಗೆ.

ಈಗ ಅಂಗಡಿಯಲ್ಲಿ ಸಿಗೋ ಡಿಜಿಟಲ್ ಸೆಟ್ಟುಗಳಲ್ಲಿ ಬಹುಪಾಲು ನಡೆಯೋದು ಡೆಕ್ಟ್ ಅನ್ನೋ ಸ್ಟ್ಯಾಂಡರ್ಡ್ ಮೇಲೆ. ಯುರೋಪಿನಲ್ಲಿ 1990ರ ದಶಕದ ಆರಂಭದಲ್ಲಿ ರೂಪುಗೊಂಡಿದ್ದು, ತರಂಗಾಂತರ 1880ರಿಂದ 1900 ಮೆಗಾಹರ್ಟ್ಸ್. ಕಮ್ಯುನಿಕೇಷನ್ ಪೇಪರಿಗೆ ಓದಿದ್ದೆಲ್ಲ ಇಲ್ಲಿ ಒಂದೇ ಡಬ್ಬಿಯಲ್ಲಿದೆ. ಒಂದು ಫ್ರೇಮ್ 10 ಮಿಲಿಸೆಕೆಂಡು, ಅದರಲ್ಲಿ 24 ಸ್ಲಾಟ್. ಮೊದಲ 12 ಬೇಸಿನಿಂದ ಹ್ಯಾಂಡ್‌ಸೆಟ್ಟಿಗೆ, ಮಿಕ್ಕ 12 ಹ್ಯಾಂಡ್‌ಸೆಟ್ಟಿನಿಂದ ಬೇಸಿಗೆ. ಎರಡೂ ಕಡೆಗೆ ಒಂದೇ ಫ್ರೀಕ್ವೆನ್ಸಿ, ಹೊತ್ತು ಮಾತ್ರ ಬೇರೆ. 10 ಕ್ಯಾರಿಯರ್, ಒಂದೊಂದರಲ್ಲಿ 12 ಜೋಡಿ, ಒಟ್ಟು 120 ಚಾನೆಲ್. ಮಾತು 32 ಕೆಬಿಪಿಎಸ್ ಎಡಿಪಿಸಿಎಂ ಆಗಿ ಹೋಗುತ್ತೆ, ಅಂದ್ರೆ ಪ್ರತಿ ಫ್ರೇಮಿಗೆ 320 ಬಿಟ್. ಗರಿಷ್ಠ ಪವರ್ 250 ಮಿಲಿವ್ಯಾಟ್ ಇದ್ದರೂ 24ರಲ್ಲಿ ಒಂದೇ ಸ್ಲಾಟಿನಲ್ಲಿ ಮಾತಾಡೋದರಿಂದ ಸರಾಸರಿ ಸುಮಾರು 10 ಮಿಲಿವ್ಯಾಟ್ ಅಷ್ಟೇ. ಎರಡು ಪುಟ್ಟ ಸೆಲ್ ಹಾಕಿದ್ರೂ ಗಂಟೆಗಟ್ಟಲೆ ಮಾತಾಡೋಕೆ ಆಗೋದು ಇದರಿಂದ.

ಐಐಟಿ ಮದ್ರಾಸಿನಲ್ಲಿ ಪ್ರೊ. ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ ಇದೇ ಡೆಕ್ಟನ್ನು ಹಿಗ್ಗಿಸಿ ಕಾರ್‌ಡೆಕ್ಟ್ ಕಟ್ಟಿತ್ತು. ತಾಮ್ರದ ತಂತಿ ಎಳೆಯದೇ ಹಳ್ಳಿಗಳಿಗೆ ಫೋನೂ ಇಂಟರ್ನೆಟ್ಟೂ ಕೊಡೋ ಯೋಚನೆ ಅದು. ಹಾಗಾಗಿ ಇದನ್ನು ಬರೀ ಹಳೇ ಕಾಲದ ಆಟಿಕೆ ಅಂತ ತಳ್ಳಿಹಾಕೋ ಹಾಗಿಲ್ಲ.

ಕೊಳ್ಳೋ ಮುಂಚೆ

ಎಸ್.ಪಿ. ರೋಡಿಗೋ ಆನ್‌ಲೈನಿಗೋ ಹೋಗೋ ಮುಂಚೆ ಎರಡು ಮಾತು.

ಒಂದು, ಅಮೆರಿಕದಲ್ಲಿರೋ ಮಾವ ತಂದುಕೊಟ್ಟ ಸೆಟ್ ಬೇಡ. ಅಲ್ಲಿನ 'ಡೆಕ್ಟ್ 6.0' ನಡೆಯೋದು 1920ರಿಂದ 1930 ಮೆಗಾಹರ್ಟ್ಸಿನಲ್ಲಿ. ನಮ್ಮಲ್ಲಿ ಆ ಜಾಗ ಮೊಬೈಲ್ ಫೋನುಗಳು ಟವರಿಗೆ ಸಿಗ್ನಲ್ ಕಳಿಸೋ ಬ್ಯಾಂಡು. ನಿಮ್ಮನೆ ಫೋನು ಚೆನ್ನಾಗೇ ಕೆಲಸ ಮಾಡಬಹುದು, ಆದರೆ ಬೀದಿಯವರ ಮೊಬೈಲಿಗೆ ಕಾಟ. ಜೊತೆಗೆ ಅದರ ಅಡಾಪ್ಟರು 120 ವೋಲ್ಟಿನದಾದರೆ ನಮ್ಮ 230 ವೋಲ್ಟಿಗೆ ಹಾಕಿದ ತಕ್ಷಣ ಸುಟ್ಟ ವಾಸನೆ.

ಎರಡು, 2.4 ಗಿಗಾಹರ್ಟ್ಸಿನ ಕಾರ್ಡ್‌ಲೆಸ್‌ಗಳೂ ಇವೆ. ಅದೇ ಬ್ಯಾಂಡಿನಲ್ಲಿ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಸೇರಿಕೊಂಡಿರುತ್ತವೆ. ಆಯ್ಕೆ ಇದ್ದರೆ 1.9 ಗಿಗಾಹರ್ಟ್ಸಿನ ಡೆಕ್ಟ್ ಸೆಟ್ಟೇ ತಗೊಳ್ಳಿ. ದೊಡ್ಡ ಬಟನ್, ಸ್ಪೀಕರ್ ಫೋನ್, ಜೋರಾದ ರಿಂಗ್ ಇದೆಯಾ ನೋಡಿ. ಬಳಸೋರು ನಾವಲ್ಲ, ಅಜ್ಜಿ.

ಜೋಡಿಸೋದು

ಹ್ಯಾಂಡ್‌ಸೆಟ್ಟಿಗೆ ಹಾಕೋದು ಸಾಮಾನ್ಯವಾಗಿ ಎರಡು ಟ್ರಿಪಲ್ ಎ ಅಳತೆಯ ರೀಚಾರ್ಜಬಲ್ ಸೆಲ್, ತಲಾ 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್. ಗೋಡೆ ಗಡಿಯಾರದ ಮಾಮೂಲಿ ಸೆಲ್ ಯಾವ ಕಾರಣಕ್ಕೂ ಹಾಕಬೇಡಿ. ಚಾರ್ಜರ್ ಮೇಲಿಟ್ಟಾಗ ಅದು ಸೋರಿ, ಊದಿ ಸೆಟ್ಟನ್ನೇ ಹಾಳು ಮಾಡುತ್ತೆ. ಮೊದಲ ಸಲ ಪೂರ್ತಿ ಚಾರ್ಜ್ ಮಾಡಿ, ಏಳೆಂಟು ಗಂಟೆ ಬೇಕು. ನಾವು ಆತುರಕ್ಕೆ ಒಂದು ಗಂಟೆಗೇ ತೆಗೆದು, "ಪೀಸ್ ಹೋಗಿದೆ" ಅಂತ ಅಂಗಡಿಗೆ ವಾಪಸ್ ಒಯ್ಯೋಕೆ ಹೊರಟಿದ್ವಿ.

ಲೈನಿನ ವೈರು ಆರ್‌ಜೆ11 ಪಿನ್. ನಿಮ್ಮದು ತಾಮ್ರದ ಲೈನಾಗಿದ್ದು ಅದರಲ್ಲೇ ಬ್ರಾಡ್‌ಬ್ಯಾಂಡ್ ಕೂಡ ಬರ್ತಿದ್ರೆ, ಸ್ಪ್ಲಿಟರಿನ 'ಫೋನ್' ಕಡೆಗೇ ಬೇಸ್ ಹಾಕಬೇಕು. ಮಾತು 4 ಕಿಲೋಹರ್ಟ್ಸಿನ ಕೆಳಗಿದೆ, ಡೇಟಾ ಸುಮಾರು 26 ಕಿಲೋಹರ್ಟ್ಸಿನಿಂದ ಮೇಲಕ್ಕಿದೆ. ಸ್ಪ್ಲಿಟರ್ ಬಿಟ್ಟು ನೇರ ಹಾಕಿದರೆ ಫೋನಲ್ಲಿ ಬುಸ್ ಅನ್ನೋ ಸದ್ದು, ನೆಟ್ ಆಗಾಗ ಕಟ್. ಫೈಬರ್ ಲೈನಾದರೆ ಕೆಲಸ ಇನ್ನೂ ಸಲೀಸು: ಗೋಡೆ ಮೇಲಿನ ಓಎನ್‌ಟಿ ಡಬ್ಬಿಯ ಫೋನ್ ಪೋರ್ಟಿಗೆ ಹಾಕಿದರೆ ಆಯ್ತು. ಹಳೇ ವೈರು ಬಿಚ್ಚಿ ಕಟ್ಟೋದಿದ್ರೆ ಮಾತ್ರ ಜೋಪಾನ. ಲೈನಿನಲ್ಲಿ ಸುಮ್ಮನಿದ್ದಾಗ 48 ವೋಲ್ಟ್ ಡಿಸಿ, ರಿಂಗ್ ಬರುವಾಗ ಸುಮಾರು 75 ವೋಲ್ಟ್ ಎಸಿ. ಬರಿಗೈಯಲ್ಲಿ ತಂತಿ ಹಿಡಿದಾಗಲೇ ಯಾರಾದ್ರೂ ಫೋನ್ ಮಾಡಿದ್ರೆ ಕೈ ಜುಮ್ ಅನ್ನುತ್ತೆ.

ಡಯಲಿಂಗ್ 'ಟೋನ್'ನಲ್ಲಿದೆಯಾ ನೋಡಿಕೊಳ್ಳಿ. ಪಲ್ಸಿಗೆ ಬಿಟ್ಟರೆ ಗ್ಯಾಸ್ ಬುಕಿಂಗಿಗೆ 'ಒಂದು ಒತ್ತಿ' ಅಂದಾಗ ಎಷ್ಟು ಒತ್ತಿದ್ರೂ ಆ ಕಡೆಯವರಿಗೆ ತಿಳಿಯೋದಿಲ್ಲ. ಎರಡನೇ ಹ್ಯಾಂಡ್‌ಸೆಟ್ ಸೇರಿಸೋದಾದರೆ ಬೇಸ್ ಮೇಲಿನ ಪೇಜ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು, ಹ್ಯಾಂಡ್‌ಸೆಟ್ ಮೆನುವಿನಲ್ಲಿ ರಿಜಿಸ್ಟರ್ ಮಾಡಬೇಕು. ಹಲವು ಸೆಟ್ಟುಗಳಲ್ಲಿ ಮೊದಲ ಪಿನ್ 0000. ಅದನ್ನು ಬದಲಾಯಿಸಿಬಿಡಿ. ಅದೇ ಪೇಜ್ ಬಟನ್ ಒಂದು ಸಲ ಒತ್ತಿದರೆ, ದಿಂಬಿನ ಕೆಳಗೆ ಕಳೆದುಹೋದ ಹ್ಯಾಂಡ್‌ಸೆಟ್ ಕೂಗಿ ಹೇಳುತ್ತೆ.

ಬೇಸ್ ಎಲ್ಲಿರಬೇಕು?

ಡಬ್ಬಿ ಮೇಲೆ ಒಳಗಡೆ 50 ಮೀಟರ್, ಬಯಲಲ್ಲಿ 300 ಮೀಟರ್ ಅಂತ ಬರೆದಿರುತ್ತೆ. ರಾಜಾಜಿನಗರ, ವಿಜಯನಗರದ ಮನೆಗಳು ಬಯಲಲ್ಲ. ಒಂದು ಆರ್‌ಸಿಸಿ ಸ್ಲ್ಯಾಬ್ ದಾಟೋದರಲ್ಲೇ ಸಿಗ್ನಲ್ ಸುಸ್ತಾಗುತ್ತೆ. ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳು, ಸ್ಟೀಲ್ ಬೀರು, ಫ್ರಿಜ್ಜು, ಎಲ್ಲವೂ ಅಡ್ಡ. ನಾವು ಮೊದಲು ಟಿವಿ ಸ್ಟ್ಯಾಂಡಿನ ಹಿಂದೆ ಇಟ್ವಿ, ಮೇಲಿನ ರೂಮಿನಲ್ಲಿ ಮಾತು ತುಂಡು ತುಂಡಾಯ್ತು. ಆಮೇಲೆ ಉದ್ದನೆ ವೈರೆಳೆದು ಮೆಟ್ಟಿಲ ತಿರುವಿನ ಗೂಡಿನಲ್ಲಿ ಇಟ್ವಿ. ಮೆಟ್ಟಿಲಿನ ಜಾಗದಲ್ಲಿ ಸ್ಲ್ಯಾಬ್ ತೆರೆದಿರುತ್ತಲ್ಲ, ಅಲ್ಲಿಂದ ಎರಡೂ ಮಹಡಿಗೆ ದಾರಿ. ವೈಫೈ ಡಬ್ಬಿಯಿಂದ ಒಂದೆರಡು ಮೀಟರ್ ದೂರವಿರಲಿ.

ಪರೀಕ್ಷೆ ಸುಲಭ. ಒಬ್ಬರು ಫೋನಲ್ಲಿ ಮಾತಾಡ್ತಾ ಎಲ್ಲ ರೂಮು, ಬಚ್ಚಲು, ಟೆರೇಸಿನ ನೀರಿನ ಟ್ಯಾಂಕ್ ತನಕ ಓಡಾಡಲಿ. ಇನ್ನೊಬ್ಬರು ಎಲ್ಲೆಲ್ಲಿ ಕಡಿಯುತ್ತೆ ಅಂತ ಬರ್ಕೊಳ್ಳಲಿ. ಅಜ್ಜಿ ಮಂಚದ ಹತ್ತಿರ, ಬಚ್ಚಲಿನ ಬಾಗಿಲಲ್ಲಿ ಚೆನ್ನಾಗಿ ಕೇಳಿಸಲೇಬೇಕು. ಟೆರೇಸಿನಲ್ಲಿ ಕೇಳಿಸದಿದ್ರೂ ಪರವಾಗಿಲ್ಲ.

ಬಳಸೋದು

15 ಜನವರಿ 2021ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಸೇರಿಸಲೇಬೇಕು. ಫೋನ್‌ಬುಕ್ಕಿನಲ್ಲಿ ನಂಬರ್ ತುಂಬುವಾಗಲೇ 0 ಹಾಕಿಬಿಡಿ. ಎಷ್ಟೋ ಮನೆಗಳಲ್ಲಿ "ಫೋನ್ ಹೋಗ್ತಾನೇ ಇಲ್ಲ" ಅನ್ನೋ ದೂರಿಗೆ ಮದ್ದು ಈ ಒಂದು ಸೊನ್ನೆ. 112, 108 ಇಂಥವಕ್ಕೆ ಸೊನ್ನೆ ಬೇಡ.

ಫೋನ್‌ಬುಕ್ಕಿನಲ್ಲಿ ಕನ್ನಡ ಬರಲಿಲ್ಲ. ಇಂಗ್ಲಿಷ್ ಅಕ್ಷರ ಅಜ್ಜಿಗೆ ಓದೋಕೆ ಬರಲ್ಲ. ಹಾಗಾಗಿ ಸ್ಪೀಡ್ ಡಯಲ್: ಒಂದು ಬಟನ್ ಒತ್ತಿ ಹಿಡಿದರೆ ಮಗ, ಇನ್ನೊಂದು ಮಗಳು, ಮತ್ತೊಂದು ಎದುರುಮನೆ. ಕನ್ನಡ ಸಂಘದ ಉತ್ಸಾಹದಲ್ಲಿ ನಾವು ದಪ್ಪ ರಟ್ಟಿನ ಮೇಲೆ ೨, ೩, ೪ ಅಂತ ಚೆಂದವಾಗಿ ಬರೆದು ಅಂಟಿಸಿದ್ವಿ. ಅಜ್ಜಿ ನೋಡಿ, "ಅಂಕಿ ಚೆನ್ನಾಗಿದೆ. ಆದರೆ ಬಟನ್ ಮೇಲಿರೋದು ಬೇರೆ ಅಲ್ವೇನ್ರೋ?" ಅಂದ್ರು. ಸುಮ್ಮನೆ ತೆಗೆದು, ಹೆಸರು ಕನ್ನಡದಲ್ಲಿ, ಅಂಕಿ ಬಟನ್ನಿನಲ್ಲಿದ್ದ ಹಾಗೇ ಬರೆದ್ವಿ.

ಕರೆಂಟ್ ಹೋದರೆ?

ಇಲ್ಲೇ ನಾವು ಎಡವಿದ್ದು. ಬೇಸ್ ಗೋಡೆ ಕರೆಂಟಿನಲ್ಲಿ ನಡೆಯುತ್ತೆ. ಕರೆಂಟ್ ಹೋದರೆ ಹ್ಯಾಂಡ್‌ಸೆಟ್ಟಿನಲ್ಲಿ ಚಾರ್ಜಿದ್ರೂ ಅದರ 'ಟವರ್' ಸತ್ತಿರುತ್ತೆ. ಕೆಲವು ಮಾಡೆಲುಗಳಲ್ಲಿ ಹ್ಯಾಂಡ್‌ಸೆಟ್ಟನ್ನು ಬೇಸ್ ಮೇಲಿಟ್ಟರೆ ಅದರ ಬ್ಯಾಟರಿಯಿಂದಲೇ ಬೇಸ್ ಸ್ವಲ್ಪ ಹೊತ್ತು ಓಡುತ್ತೆ. ನಾವು ತಂದಿದ್ದರಲ್ಲಿ ಅದು ಇರಲಿಲ್ಲ.

"ತೊಂದರೆ ಇಲ್ಲ, ಹಳೇ ಫೋನನ್ನೂ ಪಕ್ಕದಲ್ಲಿ ಪ್ಯಾರಲಲ್ ಇಡೋಣ" ಅಂದ್ವಿ. ಓದಿದ್ದೇ ಹಾಗೆ: ತಂತಿ ಫೋನಿಗೆ ಬೇಕಾದ ಪವರ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಲೈನಿನಲ್ಲೇ ಬರುತ್ತೆ, ಊರೆಲ್ಲ ಕತ್ತಲಾದ್ರೂ ಡಯಲ್ ಟೋನ್ ಇರುತ್ತೆ. ನಮ್ಮ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐಯ ಸೆಟ್ಟುಗಳು ಅಡಾಪ್ಟರ್ ಅನ್ನೋದನ್ನೇ ಕಾಣದೆ ದಶಕಗಟ್ಟಲೆ ದುಡಿದದ್ದು ಹೀಗೆ.

ಯಾಕೋ ಅನುಮಾನ ಬಂದು ಮೇನ್ ಸ್ವಿಚ್ ಆಫ್ ಮಾಡಿ ಹಳೇ ಫೋನ್ ಎತ್ತಿದ್ವಿ. ಸದ್ದೇ ಇಲ್ಲ. ಆಗ ತಲೆಗೆ ಹೊಳೆದದ್ದು: ಅಜ್ಜಿ ಮನೆ ಲೈನು ಫೈಬರಿಗೆ ಬದಲಾಗಿದೆ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತೆ, 48 ವೋಲ್ಟ್ ಬರಲ್ಲ. ಆ ವೋಲ್ಟೇಜು, ಆ ರಿಂಗು ಎರಡನ್ನೂ ಈಗ ಹುಟ್ಟಿಸೋದು ಮನೆಯೊಳಗಿನ ಓಎನ್‌ಟಿ. ಅದಕ್ಕೂ ಬೇಕು ಕರೆಂಟು. ಎಕ್ಸ್‌ಚೇಂಜಿನವರು ಹೊತ್ತಿದ್ದ ಬ್ಯಾಟರಿಯ ಜವಾಬ್ದಾರಿ ಸದ್ದಿಲ್ಲದೆ ಅಜ್ಜಿ ಹೆಗಲಿಗೆ ಬಂದಿತ್ತು, ಅವರಿಗೆ ಯಾರೂ ಹೇಳಿರಲಿಲ್ಲ. ರಾತ್ರಿ ಕರೆಂಟ್ ಹೋಗಿ ಕತ್ತಲಲ್ಲಿ ಅಜ್ಜಿ ಮತ್ತೆ ಬಿದ್ದಿದ್ದರೆ, ಕೈಗೆ ಸಿಗೋ ಹಾಗೆ ನಾವಿಟ್ಟ ಫೋನು ಬರೀ ಪ್ಲಾಸ್ಟಿಕ್ ತುಂಡು.

ಪರಿಹಾರ ದೊಡ್ಡದಲ್ಲ. ಇನ್ವರ್ಟರ್ ಇರೋ ಮನೆಯಾದ್ರೆ ಓಎನ್‌ಟಿ ಮತ್ತು ಬೇಸ್ ಎರಡರ ಪ್ಲಗ್ ಪಾಯಿಂಟೂ ಇನ್ವರ್ಟರ್ ಲೈನಿನಲ್ಲಿವೆಯಾ ನೋಡಿ. ಎಷ್ಟೋ ಮನೆಯಲ್ಲಿ ಅದು ಬರೀ ಲೈಟು, ಫ್ಯಾನಿಗೆ. ಇನ್ವರ್ಟರ್ ಇಲ್ಲದಿದ್ರೆ ಚಿಕ್ಕ ಯುಪಿಎಸ್. ರೌಟರಿಗೆ ಅಂತ ಮಾರೋ ಪುಟಾಣಿ ಡಿಸಿ ಯುಪಿಎಸ್ ಸಾಮಾನ್ಯವಾಗಿ 12 ವೋಲ್ಟಿನದು. ಕಾರ್ಡ್‌ಲೆಸ್ ಬೇಸಿಗೆ ಬೇಕಾದದ್ದು ಬೇರೆ ವೋಲ್ಟೇಜು, ಅಡಾಪ್ಟರ್ ಮೇಲೆ ಬರೆದಿರುತ್ತೆ, ಪಿನ್ ಸರಿಹೋಗುತ್ತೆ ಅಂತ ಚುಚ್ಚಬೇಡಿ. ನಾವು ಗೆಳೆಯನ ರೂಮಿನಲ್ಲಿ ಧೂಳು ತಿಂತಿದ್ದ 600 ವಿಎ ಕಂಪ್ಯೂಟರ್ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿ, ಎರಡು ಅಡಾಪ್ಟರನ್ನೂ ಅದಕ್ಕೇ ಸಿಗಿಸಿದ್ವಿ. 12 ವೋಲ್ಟ್, 7 ಆಂಪಿಯರ್-ಅವರ್, ಅಂದ್ರೆ 84 ವ್ಯಾಟ್-ಅವರ್. ಲೋಡು ಹತ್ತಿರ ಹತ್ತಿರ 13 ವ್ಯಾಟ್. ಲೆಕ್ಕದಲ್ಲಿ ಆರು ಗಂಟೆ ದಾಟಬೇಕು. ಯುಪಿಎಸ್ ತಾನೇ ತಿನ್ನೋದೆಲ್ಲ ಕಳೆದು ನಮಗೆ ಸಿಕ್ಕಿದ್ದು ಎರಡೂವರೆ ಗಂಟೆ. ಲ್ಯಾಬಿನಲ್ಲಿ ಎಫಿಶಿಯೆನ್ಸಿ ಅಂತ ಬರೆಯೋದು ಇದನ್ನೇ.

ಎರಡು ವಾರದ ಮೇಲೆ ಒಂದು ಸಂಜೆ, ಮಳೆ ಹೊಯ್ತಿರುವಾಗ, ಗೆಳೆಯನ ಮೊಬೈಲಿಗೆ ಆ ಹಳೇ ನಂಬರಿನಿಂದ ಫೋನ್ ಬಂತು. "ಕರೆಂಟ್ ಹೋಗಿ ಅರ್ಧ ಗಂಟೆ ಆಯ್ತು ಕಣೋ. ಮಂಚದ ಮೇಲೇ ಕೂತು ಮಾತಾಡ್ತಿದ್ದೀನಿ. ಏನೂ ಇಲ್ಲ, ಬರುತ್ತಾ ನೋಡೋಣ ಅಂತ ಮಾಡಿದೆ" ಅಂದ್ರಂತೆ.

ಮುಂದಿನ ಸಲ ಮನೆಗೆ, ಊರಿಗೆ ಹೋದಾಗ ನೀವೂ ಒಂದು ಕೆಲಸ ಮಾಡಿ. ಐದು ನಿಮಿಷ ಮೇನ್ ಸ್ವಿಚ್ ಆಫ್ ಮಾಡಿ, ಲ್ಯಾಂಡ್‌ಲೈನ್ ಎತ್ತಿ ಕಿವಿಗಿಡಿ. ಟೋನ್ ಕೇಳಿಸಿದ್ರೆ ಸಂತೋಷ. ಕೇಳಿಸದಿದ್ರೆ ಆ ಭಾನುವಾರದ ಕೆಲಸ ಯಾವುದು ಅಂತ ನಿಮಗೀಗ ಗೊತ್ತು.