ಹಳೆಯ ಎಂಜಿನ್ನಿನ ವಾಯುಮಾರ್ಗ: ಅದರ ಇತಿಹಾಸ ಮತ್ತು ಜೀರ್ಣೋದ್ಧಾರ

ಯಂತ್ರಗಳ ಇತಿಹಾಸವನ್ನು ಅಭ್ಯಾಸಮಾಡುವಾಗ ನಮ್ಮ ದೃಷ್ಟಿ ಸಾಮಾನ್ಯವಾಗಿ ದೊಡ್ಡ ಶೋಧಗಳ ಕಡೆಗೇ ಹರಿಯುತ್ತದೆ. ಮೋಟಾರು ಎಂಜಿನ್ನಿನ ಮರೆಯಲ್ಲಿರುವ ಗೇಣುದ್ದದ ರಬ್ಬರು ಕೊಳವೆಗೂ ಒಂದು ಇತಿಹಾಸವುಂಟೆಂಬುದು ಹಲವರಿಗೆ ತೋರದು. ಆದರೆ ಆ ಕೊಳವೆ ಜೀರ್ಣವಾದಾಗ ಏನು ಮಾಡತಕ್ಕದ್ದೆಂಬುದನ್ನು, ಅದು ಅಲ್ಲಿಗೆ ಬಂದ ಕಾರಣವನ್ನು ಅರಿತವರು ಮಾತ್ರ ಸರಿಯಾಗಿ ನಿರ್ಧರಿಸಬಲ್ಲರು. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿರುವ ಅನಿಲದ ಅಲ್ಪಾಂಶವು ಪಿಸ್ಟನ್ ರಿಂಗುಗಳ ಸಂದಿನಿಂದ ನುಸುಳಿ, ಕೆಳಗಿರುವ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ರಿಂಗುಗಳು ಎಷ್ಟೇ ಹೊಸವಾಗಿದ್ದರೂ ಇದು ತಪ್ಪದು. ಈ ಅನಿಲದಲ್ಲಿ ಉರಿಯದ ಪೆಟ್ರೋಲಿನ ಆವಿ, ನೀರಾವಿ ಮತ್ತು ಆಮ್ಲಾಂಶಗಳಿರುತ್ತವೆ. ಅವು ಅಲ್ಲಿಯೇ ಉಳಿದರೆ ಎಣ್ಣೆಯು ಕೆಟ್ಟು ಕೆಸರಾಗುತ್ತದೆ. ಒಳಗಿನ ಒತ್ತಡವೂ ಏರುತ್ತದೆ.

ಮೊದಲಿನ ಎಂಜಿನ್ನುಗಳಲ್ಲಿ ಇದಕ್ಕಿದ್ದ ಉಪಾಯ ಸರಳವಾದುದು. ಕ್ರ್ಯಾಂಕ್‌ಕೇಸಿನಿಂದ ಒಂದು ಲೋಹದ ಕೊಳವೆಯನ್ನು ರಸ್ತೆಯ ಕಡೆಗೆ ಇಳಿಬಿಡುತ್ತಿದ್ದರು. ವಾಹನ ಓಡುವಾಗಿನ ಗಾಳಿಯ ಸೆಳೆತಕ್ಕೆ ಅನಿಲವು ಹೊರಬೀಳುತ್ತಿತ್ತು. ವಾಹನ ನಿಂತಾಗ ಈ ಏರ್ಪಾಡು ಹೆಚ್ಚು ಕೆಲಸಮಾಡುತ್ತಿರಲಿಲ್ಲ. ಓಡಿದಾಗಲೋ ಎಲ್ಲ ಕೊಳೆಯೂ ಊರಿನ ಗಾಳಿಗೆ ಸೇರುತ್ತಿತ್ತು.

ಈ ಪದ್ಧತಿಯ ಅಂತ್ಯಕ್ಕೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಹೊಗೆಮಂಜು ಕಾರಣವಾಯಿತು. ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಹಾಗೆನ್‌ಸ್ಮಿಟ್ ಎಂಬ ವಿಜ್ಞಾನಿ, ಇಂಧನದ ಆವಿಯೂ ನೈಟ್ರೋಜನ್ನಿನ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಓಜೋನನ್ನು ಉಂಟುಮಾಡುತ್ತವೆಯೆಂದು ೧೯೫೦ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟನು. ಕಾರೊಂದು ಹೊರಬಿಡುತ್ತಿದ್ದ ಇಂಧನಾವಿಯಲ್ಲಿ ಸುಮಾರು ಐದನೆಯ ಒಂದು ಪಾಲು ಕ್ರ್ಯಾಂಕ್‌ಕೇಸಿನದೇ ಎಂದು ಮುಂದೆ ತಿಳಿದುಬಂದಿತು. ಆ ಅನಿಲವನ್ನು ಹೊರಕ್ಕೆ ಬಿಡದೆ, ಎಂಜಿನ್ನು ಗಾಳಿಯನ್ನು ಸೆಳೆದುಕೊಳ್ಳುವ ಮಾರ್ಗಕ್ಕೆ ಕೊಳವೆಯ ಮೂಲಕ ಹಿಂದಿರುಗಿಸಿ ಉರಿಸುವ ಏರ್ಪಾಡು ೧೯೬೧ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿಯೂ, ೧೯೬೩ರ ಮಾದರಿಗಳಿಂದ ಅಮೆರಿಕದಾದ್ಯಂತವೂ ಬಳಕೆಗೆ ಬಂದಿತು. ಇತರ ದೇಶಗಳ ತಯಾರಕರೂ ಕ್ರಮೇಣ ಇದನ್ನೇ ಅನುಸರಿಸಿದರು.

ನಿದರ್ಶನಕ್ಕಾಗಿ, ಸ್ವೀಡನ್ನಿನಲ್ಲಿ ೧೯೭೪ರಿಂದ ೧೯೯೩ರವರೆಗೆ ತಯಾರಾದ ವೋಲ್ವೋ ೨೪೦ ಕಾರಿನ ನಾಲ್ಕು ಸಿಲಿಂಡರುಗಳ ಎಂಜಿನ್ನನ್ನು ನೋಡೋಣ. ಇದರ ಪಕ್ಕದಲ್ಲಿ ಎಣ್ಣೆಯ ಹನಿಗಳನ್ನು ಬೇರ್ಪಡಿಸುವ ಪೆಟ್ಟಿಗೆಯೊಂದಿದೆ. ಅಲ್ಲಿಂದ ಹೊರಟ ಕೊಳವೆಯಲ್ಲಿ, ಬೆಂಕಿಯು ಹಿಂದಕ್ಕೆ ನುಗ್ಗದಂತೆ ತಡೆಯುವ ರಂಧ್ರಗಳುಳ್ಳ ಒಂದು ಸಣ್ಣ ಪ್ಲಾಸ್ಟಿಕ್ ಬಿಲ್ಲೆಯುಂಟು. ಶಾಖ ಮತ್ತು ಎಣ್ಣೆಯ ಆವಿಗೆ ವರ್ಷಗಟ್ಟಲೆ ಸಿಕ್ಕಿದ ರಬ್ಬರೂ ಪ್ಲಾಸ್ಟಿಕ್ಕೂ ತಮ್ಮ ಮೃದುತ್ವವನ್ನು ಕಳೆದುಕೊಂಡು ಪೆಡಸಾಗುತ್ತವೆ. ಕೊಳವೆ ಸೀಳಿದರೆ ಅಳತೆಮೀರಿದ ಗಾಳಿ ಒಳಹೊಕ್ಕು ಎಂಜಿನ್ನಿನ ನಡೆ ಅಸ್ಥಿರವಾಗುತ್ತದೆ. ಬಿಲ್ಲೆಯ ರಂಧ್ರಗಳು ಕಟ್ಟಿಕೊಂಡರೆ ಒತ್ತಡವೇರಿ, ಕ್ರ್ಯಾಂಕಿನ ತುದಿಗಳಲ್ಲಿರುವ ಆಯಿಲ್ ಸೀಲುಗಳಿಂದ ಎಣ್ಣೆ ಸೋರತೊಡಗುತ್ತದೆ. ಮೂಲವನ್ನು ಅರಿಯದೆ ಸೀಲುಗಳನ್ನಷ್ಟೇ ಬದಲಿಸಿದರೆ ಅವೂ ಬಹುಕಾಲ ಬಾಳವು.

ಪರೀಕ್ಷೆ ಸುಲಭ. ಎಂಜಿನ್ನು ನಿಧಾನವಾಗಿ ನಡೆಯುತ್ತಿರುವಾಗ ಎಣ್ಣೆ ಹೊಯ್ಯುವ ಮುಚ್ಚಳವನ್ನು ತೆಗೆದು ಬಾಯಿಯ ಮೇಲೊಂದು ತೆಳುವಾದ ರಬ್ಬರು ಕೈಚೀಲವನ್ನು ಹೊದಿಸಬೇಕು. ಅದು ಉಬ್ಬಿ ನಿಂತರೆ ಮಾರ್ಗವು ಕಟ್ಟಿದೆಯೆಂದು, ಇಲ್ಲವೆ ರಿಂಗುಗಳು ಸವೆದಿವೆಯೆಂದು ತಿಳಿಯಬೇಕು.

ಬದಲಾಯಿಸುವ ಕೆಲಸವನ್ನು ಎಂಜಿನ್ನು ಪೂರ್ಣವಾಗಿ ತಣಿದ ಮೇಲೆಯೇ ಆರಂಭಿಸತಕ್ಕದ್ದು. ಪೆಡಸಾದ ಕೊಳವೆಯನ್ನು ಬಲದಿಂದ ಎಳೆದರೆ ಅದು ಚೂರಾಗಿ ಒಳಗೆ ಬೀಳುತ್ತದೆ. ಆದ್ದರಿಂದ ಉದ್ದಕ್ಕೆ ಸೀಳಿ ಬಿಡಿಸಿ, ತೆರೆದ ಬಾಯಿಗಳನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಬೇಕು. ಗಾಳಿಯ ಮಾರ್ಗಕ್ಕೆ ಸೇರುವ ಸಣ್ಣ ಲೋಹದ ಮೂತಿಯಲ್ಲಿ ಕಟ್ಟಿದ ಮಸಿಯನ್ನು ತಂತಿಯಿಂದ ತೆಗೆಯಬೇಕು. ಪೆಟ್ಟಿಗೆ, ಅದರ ರಬ್ಬರು ಉಂಗುರ, ಬಿಲ್ಲೆ, ಕೊಳವೆಗಳೆಲ್ಲ ಒಂದೇ ವಯಸ್ಸಿನವಾದುದರಿಂದ ಒಟ್ಟಿಗೆ ಬದಲಿಸುವುದು ಯುಕ್ತ. ಹೊಸ ಕೊಳವೆ ಎಣ್ಣೆಯನ್ನು ತಡೆಯುವ ಜಾತಿಯದಾಗಿರಬೇಕು. ರೇಡಿಯೇಟರಿನ ನೀರಿಗೆಂದು ಮಾಡಿದುದು ಎಣ್ಣೆಯಲ್ಲಿ ಊದಿ ಮೆತ್ತಗಾಗುತ್ತದೆ.

ಕೆಲವರು ಈ ತೊಡಕೇ ಬೇಡವೆಂದು ಹಳೆಯ ಕೊಳವೆಯನ್ನು ಕಿತ್ತು, ಬಾಯಿಯನ್ನು ರಸ್ತೆಯ ಕಡೆಗೆ ತಿರುಗಿಸಿಬಿಡುತ್ತಾರೆ. ಎಂಜಿನ್ನು ಆಗಲೂ ಓಡುತ್ತದೆ, ನಿಜ. ಆದರೆ ಅವರು ಮಾಡಿದ್ದು ದುರಸ್ತಿಯಲ್ಲ. ೧೯೬೧ಕ್ಕೆ ಮೊದಲಿನ ಸ್ಥಿತಿಗೆ ಆ ವಾಹನವನ್ನು ಹಿಂದಿರುಗಿಸಿದ್ದು. ಅದರ ಕೊಳೆಯನ್ನು ಉಸಿರಾಡುವವರು ದಾರಿಹೋಕರು. ಹಳೆಯ ವಾಹನಗಳನ್ನು ಚಾರಿತ್ರಿಕ ವಸ್ತುಗಳೆಂದು ಕಾಪಾಡುವವರಂತೂ ಈ ಕೊಳವೆಯನ್ನು ಅದರ ಸ್ಥಾನದಲ್ಲಿಯೇ ಉಳಿಸಬೇಕು. ತೆಗೆದ ಭಾಗಗಳಿಗೆ ವಾಹನದ ವರ್ಷವನ್ನೂ ಬದಲಿಸಿದ ದಿನಾಂಕವನ್ನೂ ಬರೆದ ಚೀಟಿಯನ್ನು ಕಟ್ಟಿ ಇರಿಸುವುದು ಮುಂದಿನ ಅಭ್ಯಾಸಿಗಳಿಗೆ ಉಪಯುಕ್ತ.