ಮೂಲೆಯ ಚೌಕದಿಂದ ಆಕಾಶಕ್ಕೊಂದು ಕರೆ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮೆಕ್ಸಿಕೊ ಗಡಿಗೆ ತಾಗಿದಂತೆ ಬಿಗ್ ಬೆಂಡ್ ಎಂಬ ಮರುಭೂಮಿಯಿದೆ. ಇಲ್ಲಿ ರಿಯೊ ಗ್ರಾಂಡೆ ನದಿ ದಕ್ಷಿಣಕ್ಕೆ ಹರಿದು ಮತ್ತೆ ಉತ್ತರಕ್ಕೆ ತಿರುಗುತ್ತದೆ. ಆ ತಿರುವಿನ ತುದಿಗೆ ಹವ್ಯಾಸಿ ರೇಡಿಯೊದವರು, ಅಂದರೆ ‘ಹ್ಯಾಮ್’ಗಳು, ಪುಟ್ಟ ರೇಡಿಯೊ, ಕೈಯಲ್ಲಿ ಹಿಡಿಯುವ ಆಂಟೆನಾ, ಕುಡಿಯುವ ನೀರು ಹೊತ್ತು ಹೋಗುತ್ತಾರೆ. ಏಕೆ ಗೊತ್ತೆ? ಹತ್ತು ನಿಮಿಷ ಮಾತಾಡಲು!

1980ರಲ್ಲಿ ಇಂಗ್ಲೆಂಡಿನ ಮೇಡನ್‌ಹೆಡ್ ಪಟ್ಟಣದಲ್ಲಿ ಸೇರಿದ ಹವ್ಯಾಸಿಗಳು ಭೂಮಿಯನ್ನು ಚೌಕಗಳಾಗಿ ವಿಂಗಡಿಸುವ ಪದ್ಧತಿಯೊಂದನ್ನು ಒಪ್ಪಿಕೊಂಡರು. ಪ್ರತಿ ಚೌಕದ ಅಳತೆ 2 ಡಿಗ್ರಿ ರೇಖಾಂಶ, 1 ಡಿಗ್ರಿ ಅಕ್ಷಾಂಶ. ಒಟ್ಟು 32,400 ಚೌಕಗಳು. ಹೆಚ್ಚು ಹೆಚ್ಚು ಚೌಕಗಳಲ್ಲಿರುವವರೊಡನೆ ಮಾತಾಡುವುದೇ ಹ್ಯಾಮ್‌ಗಳ ಆಟ. ಉಪಗ್ರಹದ ಮೂಲಕ 100 ಚೌಕ ಮುಟ್ಟಿದವರಿಗೆ ಅಮೆರಿಕದ ಹವ್ಯಾಸಿ ರೇಡಿಯೊ ಸಂಘದ ಪ್ರಶಸ್ತಿ ಪತ್ರವುಂಟು. ಅಲಾಸ್ಕ, ಹವಾಯಿ ಬಿಟ್ಟರೆ ಆ ದೇಶ 488 ಚೌಕಗಳಲ್ಲಿ ಹರಡಿದೆ. ನಗರಗಳಿರುವ ಚೌಕಗಳು ಸುಲಭವಾಗಿ ಸಿಗುತ್ತವೆ. ಆದರೆ ‘ಡಿಎಲ್88’ ಚೌಕದ ಬಹುಭಾಗ ಮೆಕ್ಸಿಕೊಗೆ ಸೇರಿದೆ. ಅಮೆರಿಕದ ಪಾಲಿಗಿರುವುದು ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದೊಳಗಿನ ಒಂದು ಚೂರು ನೆಲ. ಯಾರಾದರೂ ಅಲ್ಲಿಗೆ ಹೋದರಷ್ಟೇ ಆ ಚೂರು ನೆಲದಿಂದ ದನಿ ಕೇಳುತ್ತದೆ.

ಕೈಯಲ್ಲಿ ಹಿಡಿಯುವ ರೇಡಿಯೊದ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಮಾತು ಅಲ್ಲಿಗೇ ನಿಂತಿತು. ಆದರೆ ಮೇಲಿರುವ ಉಪಗ್ರಹ ಒಂದು ಕಂಪನಾಂಕದಲ್ಲಿ ಕೇಳಿಸಿಕೊಂಡದ್ದನ್ನು ಇನ್ನೊಂದರಲ್ಲಿ ಮರುಪ್ರಸಾರ ಮಾಡುತ್ತದೆ. ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಇಂಥ ಉಪಕರಣವಿದೆ. ನಮ್ಮ ಇಸ್ರೊ 2005ರ ಮೇ 5ರಂದು ಹಾರಿಸಿದ ‘ಹ್ಯಾಮ್‌ಸ್ಯಾಟ್’ 2014ರವರೆಗೆ ಜಗತ್ತಿನ ಹವ್ಯಾಸಿಗಳಿಗೆ ಇದೇ ಸೇವೆ ಸಲ್ಲಿಸಿತು.

ನಿಲ್ದಾಣ ಒಂದು ದಿಗಂತದಲ್ಲಿ ಮೂಡಿ ಇನ್ನೊಂದರಲ್ಲಿ ಮುಳುಗಲು ಹೆಚ್ಚೆಂದರೆ ಹತ್ತು ನಿಮಿಷ ಸಾಕು. ಹತ್ತಿರ ಬರುವ ರೈಲಿನ ಸಿಳ್ಳೆ ತೀಕ್ಷ್ಣವಾಗಿ, ದೂರ ಸರಿಯುವಾಗ ಮಂದವಾಗಿ ಕೇಳುವುದಿಲ್ಲವೆ? ಅದೇ ಡಾಪ್ಲರ್ ಪರಿಣಾಮದಿಂದ 437 ಮೆಗಾಹರ್ಟ್ಸ್ ಸಂಕೇತ ಮೊದಲು ಸುಮಾರು 10 ಕಿಲೊಹರ್ಟ್ಸ್ ಮೇಲೆ, ಕೊನೆಗೆ ಅಷ್ಟೇ ಕೆಳಗೆ ಸಿಗುತ್ತದೆ. ಒಂದು ಕೈ ಆಂಟೆನಾ ತಿರುಗಿಸಬೇಕು, ಇನ್ನೊಂದು ಕೈ ಕಂಪನಾಂಕ ಹೊಂದಿಸಬೇಕು. ಆ ಗಳಿಗೆಯಲ್ಲಿ ಬ್ಯಾಟರಿ ಕೈಕೊಟ್ಟರೆ ಅಷ್ಟು ದೂರದ ಪ್ರಯಾಣವೇ ವ್ಯರ್ಥ.

ಸ್ವಾರಸ್ಯವೆಂದರೆ, ಹೊಸ ಚೌಕದ ಲಾಭ ಬಿಸಿಲಲ್ಲಿ ನಿಂತವನಿಗಲ್ಲ, ಮನೆಯಲ್ಲಿ ಕಾದು ಕುಳಿತವನಿಗೆ! ಆದರೂ ಹೋಗುವವರು ಹೋಗುತ್ತಲೇ ಇದ್ದಾರೆ.

ಮಕ್ಕಳೇ, ನಿಮ್ಮ ಊರಿನ ಚೌಕ ಯಾವುದು? ಅಟ್ಲಾಸ್ ತೆರೆಯಿರಿ. ಕರ್ನಾಟಕವೆಲ್ಲ ‘ಎಂಕೆ’ ವಲಯದಲ್ಲಿದೆ. ರೇಖಾಂಶದಿಂದ 60 ಕಳೆದು ಎರಡರಿಂದ ಭಾಗಿಸಿ. ಅಕ್ಷಾಂಶದಿಂದ 10 ಕಳೆಯಿರಿ. ಎರಡರಲ್ಲೂ ದಶಮಾಂಶ ಬಿಟ್ಟುಬಿಡಿ. ಮೈಸೂರು ಎಂಕೆ82 ಎಂದು ಬಂದೀತು. ವಿಧಾನಸೌಧವೂ ಅದೇ ಚೌಕದಲ್ಲಿದೆ, ಯಲಹಂಕ ಮಾತ್ರ ಎಂಕೆ83ರಲ್ಲಿ! 13 ಡಿಗ್ರಿ ಅಕ್ಷಾಂಶ ಬೆಂಗಳೂರನ್ನು ಸೀಳಿಕೊಂಡೇ ಹೋಗುತ್ತದೆ.

ರೇಡಿಯೊದಲ್ಲಿ ಮಾತಾಡಲು ಪರವಾನಗಿ ಬೇಕೇ ಬೇಕು. 12 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆಗೆ ಕೂರಬಹುದು. ಪೋಷಕರು ಅಡ್ಡಿ ಮಾಡದಿರಲಿ; ಭೂಗೋಳವನ್ನೂ ಭೌತಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ಹವ್ಯಾಸಗಳು ಹೆಚ್ಚಿಲ್ಲ.