ಹಲ್ಲುನೋವೂ ಬಡವರ ಪಾಡೂ

ಜ್ವರ ಬಂದರೆ ನಾವು ವೈದ್ಯರಲ್ಲಿಗೆ ಓಡುತ್ತೇವೆ. ಹಲ್ಲು ಹುಳುಕಾದರೆ ಮಾತ್ರ ನಾಳೆಗೆ ತಳ್ಳುತ್ತೇವೆ. ಇದಕ್ಕೆ ಅಲಕ್ಷ್ಯವೊಂದೇ ಕಾರಣವಲ್ಲ. ಮುಂಬಯಿಯಲ್ಲಿ ಪಾಲಿಕೆಯ ನಾಯರ್ ದಂತ ಮಹಾವಿದ್ಯಾಲಯ, ಸರ್ಕಾರಿ ದಂತ ಮಹಾವಿದ್ಯಾಲಯ ಮೊದಲಾದೆಡೆ ಅಲ್ಪ ದರದ ಚಿಕಿತ್ಸೆಯುಂಟು. ಆದರೆ ಕೋಟಿಗೆ ಮಿಕ್ಕ ಜನರಿಗೆ ಅವು ಸಾಲವು. ದೂರದ ಉಪನಗರದ ಕೂಲಿಕಾರನು ಅಲ್ಲಿಗೆ ಬಂದು ಸರತಿಯಲ್ಲಿ ನಿಂತರೆ ಅಂದಿನ ಕೂಲಿ ಹೋದಂತೆಯೇ. ಖಾಸಗಿ ವೈದ್ಯರ ಶುಲ್ಕವೋ ಅವನ ಕೈಗೆಟುಕದು.

ಹುಳುಕು ಹೊರಪದರದಲ್ಲಿರುವಾಗ ನೋವಿಲ್ಲ, ತುಂಬಿಸಲು ವೆಚ್ಚವೂ ಕಡಮೆ. ಅದು ತಿರುಳನ್ನು ಮುಟ್ಟಿದ ಬಳಿಕ ಬೇರಿನ ಚಿಕಿತ್ಸೆ ದುಬಾರಿ. ಆದುದರಿಂದ ಬಡವನು ಹಲ್ಲನ್ನೇ ಕೀಳಿಸುತ್ತಾನೆ. ಸುಮಾರು 6ನೆಯ ವಯಸ್ಸಿನಲ್ಲಿ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆಹಲ್ಲು ಹಾಗೆ ಹೋದರೆ ಮರಳಿ ಹುಟ್ಟದು.

ಬಡಾವಣೆಗೊಂದು ಸಾರ್ವಜನಿಕ ದಂತಚಿಕಿತ್ಸಾಲಯ ಬೇಕೆಂದು ನಾವು ಕೇಳಬೇಕು. ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವುದನ್ನೂ ಮರೆಯದಿರೋಣ.